ಬಂಜೆತನದ ಚಿಕಿತ್ಸೆ: ಹಾರಿ ಹೋಗಬಾರದ ಮೊದಲ ಮೆಟ್ಟಿಲುಗಳು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳಲ್ಲಿ, ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದ ದಂಪತಿಗೆ ಮನೆಮಂದಿ ಸೂಚಿಸುವ ದಾರಿಗಳು ಹೆಚ್ಚಾಗಿ ಎರಡು ತುದಿಗಳಲ್ಲಿರುತ್ತವೆ. ಒಂದು ತುದಿಯಲ್ಲಿ ವೀರಭದ್ರೇಶ್ವರನಿಗೋ ದರ್ಗಾಕ್ಕೋ ಹೊತ್ತ ಹರಕೆ, ನಾಟಿ ವೈದ್ಯರ ಪುಡಿ ಮತ್ತು ‘ದೇವರು ಕೊಟ್ಟಾಗ ಆಗ್ತದ’ ಎಂಬ ಹಿರಿಯರ ಸಮಾಧಾನವಿದ್ದರೆ, ಇನ್ನೊಂದು ತುದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 65ರ ಗುಂಟ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ, ಬಂಗಾರ ಒತ್ತೆಯಿಟ್ಟಾದರೂ ಮಾಡಿಸಬೇಕಾದ ‘ಟೆಸ್ಟ್ ಟ್ಯೂಬ್ ಬೇಬಿ’ ಚಿಕಿತ್ಸೆ ಇರುತ್ತದೆ. ಈ ಎರಡರ ನಡುವೆ, ದೇಹಕ್ಕೆ ಕತ್ತರಿಯನ್ನೇ ತಾಗಿಸದ ಅಥವಾ ತೀರಾ ಕಡಿಮೆ ತಾಗಿಸುವ, ಖರ್ಚಿನಲ್ಲಿಯೂ ಹಗುರವಾದ ಹಲವು ಮೆಟ್ಟಿಲುಗಳಿವೆ. ಅವುಗಳಲ್ಲಿ ಬಹುಪಾಲು ತಾಲೂಕು ಅಥವಾ ಜಿಲ್ಲಾ ಮಟ್ಟದಲ್ಲಿಯೇ ಸಾಧ್ಯವಾಗುವಂಥವು. ಯಾವ ಮೆಟ್ಟಿಲು ಮೊದಲು, ಯಾವುದು ಅನಂತರ, ಯಾರು ಯಾವುದನ್ನು ಬಿಟ್ಟು ನೇರವಾಗಿ ಮೇಲಕ್ಕೆ ಹೋಗಬೇಕು ಎಂಬ ಕ್ರಮವನ್ನು ಅರಿತುಕೊಳ್ಳುವುದು ಚಿಕಿತ್ಸೆಯಷ್ಟೇ ಮುಖ್ಯವಾದ ಸಂಗತಿಯಾಗಿದೆ.

ಈ ಕ್ರಮಕ್ಕೆ ಈಗ ಜಾಗತಿಕ ಮಟ್ಟದ ಮನ್ನಣೆಯೂ ದೊರೆತಿದೆ. ಹದಿನೆಂಟು ದಾಟಿದವರಲ್ಲಿ ಸರಿಸುಮಾರು ಆರರಲ್ಲಿ ಒಬ್ಬರು ತಮ್ಮ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಬಂಜೆತನವನ್ನು ಎದುರಿಸುತ್ತಾರೆಂದು 2023ರಲ್ಲಿ ಅಂದಾಜಿಸಿದ ವಿಶ್ವ ಆರೋಗ್ಯ ಸಂಸ್ಥೆಯು, 2025ರ ನವೆಂಬರ್‌ನಲ್ಲಿ ಈ ವಿಷಯದ ಮೇಲೆ ತನ್ನ ಮೊದಲ ಮಾರ್ಗಸೂಚಿಯನ್ನು 40 ಶಿಫಾರಸುಗಳೊಂದಿಗೆ ಹೊರತಂದಿತು. ಫಲವತ್ತಾದ ದಿನಗಳ ಬಗೆಗಿನ ತಿಳಿವಳಿಕೆಯಂಥ ಸರಳ ಕ್ರಮದಿಂದ ಆರಂಭಿಸಿ, ಪರೀಕ್ಷೆಗಳ ಫಲಿತಾಂಶ ಮತ್ತು ದಂಪತಿಯ ಇಚ್ಛೆಯನ್ನು ನೋಡಿಕೊಂಡು ಹಂತಹಂತವಾಗಿ ಸಂಕೀರ್ಣ ಚಿಕಿತ್ಸೆಯ ಕಡೆಗೆ ಸಾಗಬೇಕೆಂಬುದು ಅದರ ತಿರುಳು.

ಯಾವುದು ಬಂಜೆತನ, ಯಾವುದು ಅಲ್ಲ

ಯಾವ ಗರ್ಭನಿರೋಧಕವನ್ನೂ ಬಳಸದೆ, ಹನ್ನೆರಡು ತಿಂಗಳು ನಿಯಮಿತವಾಗಿ ದೈಹಿಕ ಸಂಪರ್ಕದಲ್ಲಿದ್ದರೂ ಗರ್ಭ ನಿಲ್ಲದಿದ್ದರೆ ವೈದ್ಯಶಾಸ್ತ್ರ ಅದನ್ನು ಬಂಜೆತನವೆಂದು ಕರೆಯುತ್ತದೆ. ಒಮ್ಮೆಯೂ ಗರ್ಭ ಧರಿಸದಿದ್ದರೆ ಅದು ಪ್ರಾಥಮಿಕ ಬಂಜೆತನ, ಒಂದು ಮಗುವಾದ ಮೇಲೆ ಅಥವಾ ಗರ್ಭಪಾತವಾದ ಮೇಲೆ ಮತ್ತೆ ಗರ್ಭ ನಿಲ್ಲದಿದ್ದರೆ ದ್ವಿತೀಯಕ ಬಂಜೆತನ. ಹೆಣ್ಣಿನ ವಯಸ್ಸು 35 ದಾಟಿದ್ದರೆ ಹನ್ನೆರಡು ತಿಂಗಳು ಕಾಯದೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು, ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯಬೇಕಾಗಿಲ್ಲ.

ಈ ವ್ಯಾಖ್ಯೆಯಲ್ಲಿರುವ ‘ನಿಯಮಿತವಾಗಿ’ ಎಂಬ ಷರತ್ತನ್ನು ಈ ಎರಡು ತಾಲೂಕುಗಳಲ್ಲಿ ವಿಶೇಷವಾಗಿ ಗಮನಿಸಬೇಕಾಗುತ್ತದೆ. ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಯಲು ಹೋಗಿ ಹಬ್ಬಕ್ಕೋ ಬಿತ್ತನೆಗೋ ಮಾತ್ರ ಊರಿಗೆ ಮರಳುವ ಗಂಡಸರು ಇಲ್ಲಿ ಅಪರೂಪವಲ್ಲ, ಹೆದ್ದಾರಿಯ ಲಾರಿಗಳನ್ನೇ ಜೀವನಾಧಾರ ಮಾಡಿಕೊಂಡ ಚಾಲಕರು ಮತ್ತು ಕ್ಲೀನರ್‌ಗಳಿರುವ ಮನೆಗಳೂ ಸಾಕಷ್ಟಿವೆ. ಅಂಡಾಶಯದಿಂದ ಹೊರಬಿದ್ದ ಅಂಡಾಣು ಬದುಕಿರುವುದು ಹೆಚ್ಚೆಂದರೆ ಒಂದು ದಿನ, ಹೆಣ್ಣಿನ ದೇಹದೊಳಗೆ ವೀರ್ಯಾಣು ಬದುಕಿರಬಲ್ಲದ್ದು ಸುಮಾರು ಐದು ದಿನ. ಹೀಗಾಗಿ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲಲು ಅವಕಾಶವಿರುವುದು ಅಂಡಾಣು ಬಿಡುಗಡೆಯಾಗುವ ದಿನವೂ ಸೇರಿ ಸುಮಾರು ಆರು ದಿನ ಮಾತ್ರ. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಊರಿಗೆ ಬಂದುಹೋಗುವ ಗಂಡ ಈ ಆರು ದಿನಗಳನ್ನು ಸತತವಾಗಿ ತಪ್ಪಿಸಿಕೊಳ್ಳುವ ಸಾಧ್ಯತೆ ದೊಡ್ಡದಾಗಿದ್ದು, ಮದುವೆಯಾಗಿ ಮೂರು ವರ್ಷವಾದರೂ ಅಂಥ ದಂಪತಿ ಒಟ್ಟಿಗೆ ಕಳೆದ ಫಲವತ್ತಾದ ದಿನಗಳು ಬೆರಳೆಣಿಕೆಯಷ್ಟಿರಬಹುದು. ಇಂಥವರಿಗೆ ಮೊದಲು ಬೇಕಾದದ್ದು ಕ್ಯಾಲೆಂಡರಿನ ಲೆಕ್ಕವೇ ಹೊರತು ಇಂಜೆಕ್ಷನ್ ಅಲ್ಲ.

ಲೆಕ್ಕ ಕಷ್ಟವಾದುದಲ್ಲ. ಮುಂದಿನ ಮುಟ್ಟು ಬರುವುದಕ್ಕೆ ಹೆಚ್ಚುಕಡಿಮೆ ಹದಿನಾಲ್ಕು ದಿನ ಮೊದಲು ಅಂಡಾಣು ಬಿಡುಗಡೆಯಾಗುವುದರಿಂದ, 28 ದಿನಗಳ ಚಕ್ರವಿರುವವರಿಗೆ ಮುಟ್ಟಾದ ದಿನದಿಂದ ಎಣಿಸಿದರೆ ಹತ್ತರಿಂದ ಹದಿನೈದನೆಯ ದಿನದವರೆಗಿನ ಅವಧಿ ಮುಖ್ಯ, 35 ದಿನಗಳ ಚಕ್ರವಿರುವವರಿಗೆ ಅದು ಒಂದು ವಾರ ಮುಂದಕ್ಕೆ ಸರಿಯುತ್ತದೆ. ಇಷ್ಟನ್ನು ತಿಳಿಯಬೇಕಾದರೆ ಮುಟ್ಟಿನ ದಿನಾಂಕವನ್ನು ಬರೆದಿಡಬೇಕು, ಅದನ್ನು ಗಂಡನೊಡನೆ ಸಂಕೋಚವಿಲ್ಲದೆ ಹೇಳಿಕೊಳ್ಳಬೇಕು. ಮುಟ್ಟನ್ನು ಮೈಲಿಗೆಯೆಂದು ಕಾಣುವ ಮನೆಗಳಲ್ಲಿ ಇದೇ ದೊಡ್ಡ ತಡೆಯಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕೂಡಿದ್ದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಜನನ, ಮರಣ, ಜಾತಿ, ಎಂಜಲುಗಳ ಜೊತೆಗೆ ಮುಟ್ಟಿನ ಸೂತಕವೂ ಒಂದಾಗಿತ್ತು ಎಂಬುದನ್ನು ನೆನೆದರೆ, ಮುಟ್ಟಿನ ದಿನಾಂಕವನ್ನು ಬಾಯಿಬಿಟ್ಟು ಹೇಳುವುದು ಈ ನೆಲಕ್ಕೆ ಹೊರಗಿನಿಂದ ಬಂದ ಪಾಠವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೊದಲ ಪರೀಕ್ಷೆ ಗಂಡಸಿನದು

ಬಂಜೆತನದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಇರುತ್ತದೆ. ಇಡೀ ತಪಾಸಣೆಯಲ್ಲಿ ದೇಹಕ್ಕೆ ಒಂದು ಸೂಜಿಯನ್ನೂ ಚುಚ್ಚದ, ನೋವಿಲ್ಲದ, ಅಗ್ಗದ ಪರೀಕ್ಷೆಯೆಂದರೆ ವೀರ್ಯ ಪರೀಕ್ಷೆ. ಆದರೂ ಬಹಳಷ್ಟು ಮನೆಗಳಲ್ಲಿ ಸೊಸೆಯನ್ನು ನಾಲ್ಕಾರು ಆಸ್ಪತ್ರೆ ಸುತ್ತಿಸಿ, ಸ್ಕ್ಯಾನಿಂಗ್ ಮಾಡಿಸಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯನ್ನೂ ಮುಗಿಸಿದ ಮೇಲೆ ಮಗನ ಪರೀಕ್ಷೆಯ ಮಾತು ಬರುತ್ತದೆ. ದೇಹಕ್ಕೆ ಕನಿಷ್ಠ ಘಾಸಿಯಾಗುವ ಚಿಕಿತ್ಸೆಯ ವಿಚಾರ ಮಾಡುವವರು ಈ ಸರದಿಯನ್ನು ತಿರುಗಿಸುವುದರಿಂದಲೇ ಆರಂಭಿಸಬೇಕಾಗುತ್ತದೆ.

ಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನ ವೀರ್ಯಸ್ಖಲನವಾಗಿರಬಾರದು. ಮಾದರಿಯನ್ನು ಮನೆಯಲ್ಲಿ ಸಂಗ್ರಹಿಸಿದರೆ ಪ್ರಯೋಗಾಲಯ ಕೊಟ್ಟ ಡಬ್ಬಿಯಲ್ಲಿ, ಮೈಗೆ ತಾಗಿಸಿಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬೇಕು, ತಡವಾದರೆ ಅಥವಾ ತಣ್ಣಗಾದರೆ ವೀರ್ಯಾಣುಗಳ ಚಲನೆ ಕುಂದಿ ವರದಿಯೇ ತಪ್ಪಾಗುತ್ತದೆ. ಬಸವಕಲ್ಯಾಣದ ಗಡಿ ಹಳ್ಳಿಯಿಂದ ಬೀದರಿಗೆ ಬಸ್ಸಿನಲ್ಲಿ ಹೋಗುವವರಿಗೆ ಈ ಒಂದು ಗಂಟೆ ಸಾಲುವುದಿಲ್ಲವಾದ್ದರಿಂದ, ಪ್ರಯೋಗಾಲಯವಿರುವಲ್ಲಿಯೇ ಮಾದರಿ ಕೊಡುವ ಪ್ರತ್ಯೇಕ ಕೋಣೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಆರನೆಯ ಆವೃತ್ತಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಪ್ರಮಾಣ 1.4 ಮಿಲಿಲೀಟರ್, ಚಲಿಸುವವು ಶೇ 42 ಮತ್ತು ಸಹಜ ಆಕಾರದವು ಶೇ 4 ಎಂಬುವು ಕೆಳಗಿನ ಗಡಿಗಳಾಗಿವೆ. ಈ ಗಡಿಗಿಂತ ಕಡಿಮೆಯಿದ್ದರೆ ಮಕ್ಕಳಾಗುವುದೇ ಇಲ್ಲವೆಂದಾಗಲಿ, ಹೆಚ್ಚಿದ್ದರೆ ಆಗಿಯೇ ತೀರುತ್ತದೆಂದಾಗಲಿ ಅರ್ಥವಲ್ಲ. ಒಮ್ಮೆ ಜ್ವರ ಬಂದು ಹೋದರೂ ಸಂಖ್ಯೆ ಇಳಿಯುವುದರಿಂದ, ಮೊದಲ ವರದಿ ಕೆಟ್ಟದಾಗಿ ಬಂದರೆ ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸದೆ ತೀರ್ಮಾನಕ್ಕೆ ಬರಬಾರದು.

ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕಾಗುವುದರಿಂದ ಗಂಡಸು ಇಂದು ಬಿಟ್ಟ ಚಟದ ಫಲ ಕಾಣಲು ಮೂರು ತಿಂಗಳಾಗುತ್ತದೆ. ತಂಬಾಕು, ಮದ್ಯ, ಬೊಜ್ಜು ಮತ್ತು ವೃಷಣಕ್ಕೆ ಸತತವಾಗಿ ತಾಗುವ ಶಾಖ ಇವುಗಳಿಗೂ ವೀರ್ಯದ ಗುಣಮಟ್ಟದ ಕುಸಿತಕ್ಕೂ ನಂಟಿದೆಯೆಂದು ಅಧ್ಯಯನಗಳು ತೋರಿಸಿವೆ. ಕರ್ನಾಟಕದಲ್ಲಿ ಗುಟ್ಕಾ 2013ರಿಂದಲೇ ನಿಷಿದ್ಧವಾಗಿದ್ದರೂ, ಪಾನ್ ಮಸಾಲೆಯ ಒಂದು ಚೀಟಿಯನ್ನೂ ತಂಬಾಕಿನ ಇನ್ನೊಂದು ಚೀಟಿಯನ್ನೂ ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುವ ರೂಢಿ ನಿಂತಿಲ್ಲ. ದಿನಗಟ್ಟಲೆ ಬಿಸಿ ಎಂಜಿನ್ನಿನ ಪಕ್ಕ ಕುಳಿತು ಈ ಚಟವನ್ನೂ ಇಟ್ಟುಕೊಂಡ ಚಾಲಕನಿಗೆ ವೈದ್ಯರು ಕೊಡುವ ಮೊದಲ ಚಿಕಿತ್ಸೆ ಗುಳಿಗೆಯದ್ದಾಗಿರದೆ ಚಟ ಬಿಡಿಸುವುದೇ ಆಗಿರುತ್ತದೆ. ಜಿಮ್ಮುಗಳಲ್ಲಿ ಮೈಕಟ್ಟಿಗಾಗಿ ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಗಂಡಸುತನವನ್ನು ಹೆಚ್ಚಿಸುತ್ತದೆಂಬ ನಂಬಿಕೆಗೆ ತದ್ವಿರುದ್ಧವಾಗಿ, ಮೆದುಳಿನಿಂದ ವೃಷಣಕ್ಕೆ ಹೋಗುವ ಸಂಕೇತವನ್ನೇ ತಡೆದು ವೀರ್ಯಾಣು ಉತ್ಪಾದನೆಯನ್ನು ನಿಲ್ಲಿಸಿಬಿಡಬಲ್ಲದು. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸಿಲ್ ಎಂಬ ಸ್ಥಿತಿ ಕೈಗೆ ಸಿಗುವಷ್ಟು ದೊಡ್ಡದಾಗಿದ್ದು ವರದಿಯೂ ಕೆಟ್ಟಿದ್ದರೆ, ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಗಾಯದ ಮೂಲಕ ಆ ನಾಳಗಳನ್ನು ಕಟ್ಟುವ ಶಸ್ತ್ರಚಿಕಿತ್ಸೆ ಹಲವರಿಗೆ ನೆರವಾಗುತ್ತದೆ.

ಹೆಣ್ಣಿನ ತಪಾಸಣೆ: ಎಷ್ಟು ಬೇಕೋ ಅಷ್ಟೇ

ಹೆಣ್ಣಿನ ಕಡೆಯಿಂದ ತಿಳಿಯಬೇಕಾದ ಸಂಗತಿಗಳು ಮುಖ್ಯವಾಗಿ ಮೂರು: ಅಂಡಾಣು ತಿಂಗಳು ತಿಂಗಳು ಬಿಡುಗಡೆಯಾಗುತ್ತಿದೆಯೇ, ಗರ್ಭನಾಳಗಳು ತೆರೆದಿವೆಯೇ, ಗರ್ಭಕೋಶದ ಒಳಗೋಡೆ ಸರಿಯಾಗಿದೆಯೇ. ಮೊದಲನೆಯದಕ್ಕೆ ಕ್ರಮಬದ್ಧ ಮುಟ್ಟಿನ ಇತಿಹಾಸವೇ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧಕ್ಕೆ ರಕ್ತದಲ್ಲಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳ ಮಟ್ಟವನ್ನು ನೋಡಿ, ಅಗತ್ಯವಿದ್ದರೆ ಸ್ಕ್ಯಾನಿಂಗ್‌ನಲ್ಲಿ ಅಂಡಾಣು ಬೆಳೆಯುವ ಕೋಶಗಳನ್ನು ಗಮನಿಸಿದರೆ ಸಾಕು. ಥೈರಾಯ್ಡ್ ಕೊರತೆ ದಿನಕ್ಕೊಂದು ಗುಳಿಗೆಯಿಂದ, ಹಾಲೂಡಿಕೆಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹೆಚ್ಚಳ ವಾರಕ್ಕೊಂದೆರಡು ಗುಳಿಗೆಯಿಂದ ಹತೋಟಿಗೆ ಬರುವಂಥವಾಗಿದ್ದು, ಈ ಎರಡರಲ್ಲಿ ಒಂದೇ ಕಾರಣವಾಗಿದ್ದ ದಂಪತಿಗೆ ಬೇರೆ ಯಾವ ಚಿಕಿತ್ಸೆಯೂ ಬೇಕಾಗದೆ ಹೋಗಬಹುದು.

ಗರ್ಭನಾಳಗಳನ್ನು ನೋಡಲು ಹಿಂದೆ ಹೊಟ್ಟೆಯಲ್ಲಿ ರಂಧ್ರ ಮಾಡಿ ದರ್ಶಕ ಕೊಳವೆ ಇಳಿಸುವ ಲ್ಯಾಪರೊಸ್ಕೋಪಿಯನ್ನೇ ಮೊದಲು ಮಾಡುವ ರೂಢಿಯಿತ್ತು. ಈಗ ಹೆಚ್ಚಿನವರಿಗೆ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಪರೀಕ್ಷೆಯೇ ಸಾಕೆಂದು ಪರಿಗಣಿಸಲಾಗುತ್ತದೆ. ಮುಟ್ಟು ನಿಂತ ಕೆಲವೇ ದಿನಗಳಲ್ಲಿ, ಯೋನಿಯ ಮೂಲಕ ತೆಳುವಾದ ನಳಿಕೆಯಿಂದ ಗರ್ಭಕೋಶದೊಳಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಬಿಟ್ಟು, ಅದು ಎರಡೂ ನಾಳಗಳಿಂದ ಹೊರಚೆಲ್ಲುವುದನ್ನು ಚಿತ್ರ ತೆಗೆಯುವುದು ಇದರ ವಿಧಾನ. ಕೆಲವು ನಿಮಿಷ ಮುಟ್ಟಿನ ನೋವಿನಂಥ ಹಿಡಿತ ಬರುತ್ತದೆಯಾದರೂ ಅರಿವಳಿಕೆಯಾಗಲಿ ಹೊಲಿಗೆಯಾಗಲಿ ಬೇಕಿಲ್ಲ, ಅದೇ ದಿನ ಮನೆಗೆ ಮರಳಬಹುದು. ಈ ಪರೀಕ್ಷೆಗೇ ಒಂದಿಷ್ಟು ಚಿಕಿತ್ಸೆಯ ಗುಣವೂ ಇರಬಹುದೆಂಬುದು ವೈದ್ಯರ ಹಳೆಯ ಅನುಭವವಾಗಿತ್ತು. ನೆದರ್ಲೆಂಡ್ಸ್‌ನಲ್ಲಿ 1,119 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು, ಎಣ್ಣೆ ಆಧಾರಿತ ದ್ರವ ಬಳಸಿದವರಲ್ಲಿ ಆರು ತಿಂಗಳೊಳಗೆ ಶೇ 39.7ರಷ್ಟು, ನೀರು ಆಧಾರಿತ ದ್ರವ ಬಳಸಿದವರಲ್ಲಿ ಶೇ 29.1ರಷ್ಟು ಮಂದಿಗೆ ಗರ್ಭ ನಿಂತಿತೆಂದು ತೋರಿಸಿ ಆ ಅನುಭವಕ್ಕೆ ಆಧಾರ ಒದಗಿಸಿತು.

ನಾಳಗಳು ಮುಚ್ಚಿಕೊಳ್ಳಲು ಭಾರತದಲ್ಲಿ ಕ್ಷಯರೋಗವೂ ಒಂದು ಮುಖ್ಯ ಕಾರಣವಾಗಿದೆ. ಕೆಮ್ಮಾಗಲಿ ಜ್ವರವಾಗಲಿ ಇಲ್ಲದೆಯೂ ಕ್ಷಯದ ರೋಗಾಣು ಗರ್ಭನಾಳಗಳಲ್ಲಿ ಸದ್ದಿಲ್ಲದೆ ಬೇರೂರಬಲ್ಲದು, ಮಕ್ಕಳಾಗದಿರುವುದೇ ಎಷ್ಟೋ ಸಲ ಅದರ ಏಕೈಕ ಲಕ್ಷಣವಾಗಿರುತ್ತದೆ. ರೋಗ ದೃಢಪಟ್ಟರೆ ಸರ್ಕಾರದ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸುಮಾರು ಆರು ತಿಂಗಳ ಔಷಧ ಉಚಿತವಾಗಿ ದೊರೆಯುತ್ತದೆ, ಆದರೆ ಆಗಲೇ ಗಾಯಗೊಂಡು ಮುಚ್ಚಿಹೋದ ನಾಳವನ್ನು ಔಷಧ ಮತ್ತೆ ತೆರೆಯಲಾರದು. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದುಹೋಗಿದ್ದರೆ ಆ ವಿಷಯವನ್ನು ಮುಚ್ಚಿಡದೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಬೇಕೆನ್ನುವುದು ಇದಕ್ಕಾಗಿಯೇ.

ಇದೇ ಹಂತದಲ್ಲಿ ಅನಗತ್ಯ ಘಾಸಿಯ ಬಗ್ಗೆಯೂ ಎಚ್ಚರ ಬೇಕಾಗುತ್ತದೆ. ‘ಗರ್ಭಚೀಲ ಸ್ವಚ್ಛ ಮಾಡಿದರೆ ಗರ್ಭ ನಿಲ್ತದ’ ಎಂಬ ನಂಬಿಕೆಯಿಂದ ಗರ್ಭಕೋಶದ ಒಳಪದರವನ್ನು ಕೆರೆಯುವ ಡಿಎನ್‌ಸಿ ಮಾಡಿಸಿಕೊಳ್ಳುವ ರೂಢಿ ಇಂದಿಗೂ ಉಳಿದಿದೆ. ರೋಗನಿರ್ಣಯದ ಸ್ಪಷ್ಟ ಕಾರಣವಿಲ್ಲದೆ ಇದನ್ನು ಮಾಡುವುದರಿಂದ ಬಂಜೆತನಕ್ಕೆ ಯಾವ ಪ್ರಯೋಜನವೂ ಇಲ್ಲದಿರುವುದಷ್ಟೇ ಅಲ್ಲ, ಪದೇಪದೇ ಕೆರೆದಾಗ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಹೊಸದೊಂದು ಬಂಜೆತನವೇ ಹುಟ್ಟಿಕೊಳ್ಳುವ ಅಪಾಯವಿದೆ. ನೆರೆಯ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳು ನಡೆದವೆಂಬ ದೂರು 2015ರ ಹೊತ್ತಿಗೆ ರಾಜ್ಯದಾದ್ಯಂತ ಸುದ್ದಿಯಾದದ್ದನ್ನು ಈ ಭಾಗದ ಓದುಗರು ಮರೆತಿರಲಾರರು. ಕತ್ತರಿಗೆ ಮೊದಲು ಕಾರಣ ಕೇಳುವ ಅಭ್ಯಾಸ ಕಲ್ಯಾಣ ಕರ್ನಾಟಕದಲ್ಲಿ ಎಷ್ಟು ಬೇಕಾಗಿದೆ ಎಂಬುದನ್ನು ಆ ಪ್ರಕರಣ ತೋರಿಸಿಕೊಟ್ಟಿತು.

ಐದು ದಿನದ ಗುಳಿಗೆ

ಹದಿಹರೆಯದಿಂದಲೇ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವ, ಮುಖದಲ್ಲಿ ಕೂದಲು ಮತ್ತು ಮೊಡವೆ ಕಾಣಿಸಿಕೊಳ್ಳುವ ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ಸ್ಥಿತಿ, ಅಂಡಾಣು ಬಿಡುಗಡೆಯಾಗದಿರಲು ಅತಿ ಸಾಮಾನ್ಯ ಕಾರಣವಾಗಿದೆ. ತೂಕ ಹೆಚ್ಚಿರುವ ಇಂಥ ಮಹಿಳೆ ಮೈತೂಕದ ಶೇ 5ರಿಂದ 10ರಷ್ಟನ್ನು, ಅಂದರೆ 70 ಕಿಲೊ ಇರುವವರು ಮೂರೂವರೆಯಿಂದ ಏಳು ಕಿಲೊವನ್ನು ಇಳಿಸಿದರೂ ಹಲವು ಸಲ ಮುಟ್ಟು ತಾನಾಗಿ ಕ್ರಮಕ್ಕೆ ಬರುತ್ತದೆ. ಅಷ್ಟರಿಂದಲೂ ಆಗದಿದ್ದರೆ ಮುಟ್ಟಿನ ಮೂರನೆಯ ದಿನದ ಹೊತ್ತಿಗೆ ಆರಂಭಿಸಿ ಐದು ದಿನ ನುಂಗುವ ಗುಳಿಗೆಯ ಸರದಿ ಬರುತ್ತದೆ. ದಶಕಗಳ ಕಾಲ ಈ ಸ್ಥಾನ ಕ್ಲೊಮಿಫೀನ್ ಎಂಬ ಔಷಧದ್ದಾಗಿತ್ತು, ಈಗ ಪಿಸಿಒಎಸ್ ಇರುವವರಿಗೆ ಲೆಟ್ರೋಜೋಲ್ ಮೊದಲ ಆಯ್ಕೆಯಾಗಿದೆ.

ಲೆಟ್ರೋಜೋಲ್‌ನ ಭಾರತೀಯ ಇತಿಹಾಸ ತುಸು ವಿಚಿತ್ರವಾದುದು. ಸ್ತನ ಕ್ಯಾನ್ಸರಿಗೆಂದು ಬಂದ ಈ ಔಷಧ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನು ಕೆಲವು ದಿನ ತಗ್ಗಿಸುವುದರಿಂದ, ಮೆದುಳು ಅಂಡಾಶಯವನ್ನು ಚುರುಕುಗೊಳಿಸುವ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ ಅಂಡಾಣು ಬಲಿಯುವಂತೆ ಮಾಡುತ್ತದೆಂಬುದನ್ನು ಸಂತಾನ ಚಿಕಿತ್ಸೆಯ ವೈದ್ಯರು ಬಳಸಿಕೊಳ್ಳತೊಡಗಿದರು. ಹುಟ್ಟುವ ಶಿಶುವಿಗೆ ಅಪಾಯವಾಗಬಹುದೆಂಬ ಆತಂಕದಿಂದ ಭಾರತ ಸರ್ಕಾರ 2011ರಲ್ಲಿ ಬಂಜೆತನಕ್ಕೆ ಇದರ ಬಳಕೆಯನ್ನು ನಿಷೇಧಿಸಿತು. ಆದರೆ ಅಮೆರಿಕದಲ್ಲಿ ಪಿಸಿಒಎಸ್ ಇದ್ದ 750 ಮಹಿಳೆಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೋಜೋಲ್ ಪಡೆದವರ ಪೈಕಿ ಶೇ 27.5ರಷ್ಟು ಮಂದಿಗೂ ಕ್ಲೊಮಿಫೀನ್ ಪಡೆದವರ ಪೈಕಿ ಶೇ 19.1ರಷ್ಟು ಮಂದಿಗೂ ಮಗು ಜನಿಸಿತು, ಶಿಶುಗಳ ಜನ್ಮದೋಷಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಭಾರತದಲ್ಲಿ ನಿಷೇಧ 2017ರಲ್ಲಿ ತೆರವಾಯಿತು. ಗುಳಿಗೆ ಅಗ್ಗವಾಗಿದ್ದರೂ ಔಷಧ ಅಂಗಡಿಯಿಂದ ತಾವಾಗಿಯೇ ತಂದು ನುಂಗುವಂಥದ್ದಲ್ಲ. ಅಂಡಾಣು ಬೆಳೆಯುವ ಅಂಡಕೋಶ 18ರಿಂದ 20 ಮಿಲಿಮೀಟರಿನಷ್ಟು ಬೆಳೆದಿದೆಯೇ, ಒಂದರ ಬದಲು ಹಲವು ಬೆಳೆದು ಅವಳಿ ತ್ರಿವಳಿಯ ಅಪಾಯವಿದೆಯೇ ಎಂಬುದನ್ನು ಸ್ಕ್ಯಾನಿಂಗ್‌ನಲ್ಲಿ ನೋಡುತ್ತ ಪ್ರಮಾಣವನ್ನು ಹೊಂದಿಸಬೇಕಾಗುತ್ತದೆ. ಪಿಸಿಒಎಸ್‌ಗೆ ಲ್ಯಾಪರೊಸ್ಕೋಪಿಯಿಂದ ಅಂಡಾಶಯದಲ್ಲಿ ಸಣ್ಣ ರಂಧ್ರಗಳನ್ನು ಸುಡುವ ‘ಡ್ರಿಲ್ಲಿಂಗ್’ ಎಂಬ ಶಸ್ತ್ರಚಿಕಿತ್ಸೆ ಈ ಗುಳಿಗೆಗಳು ಕೈಕೊಟ್ಟಾಗ ಮಾತ್ರ ವಿಚಾರಕ್ಕೆ ಬರಬೇಕು.

ಐಯುಐ: ಹತ್ತು ನಿಮಿಷದ ಚಿಕಿತ್ಸೆ, ಒಂದೂವರೆ ದಿನದ ಲೆಕ್ಕ

ಗುಳಿಗೆಯ ನಂತರದ ಮೆಟ್ಟಿಲು ಐಯುಐ, ಅಂದರೆ ತೊಳೆದ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಸೇರಿಸುವ ವಿಧಾನ. ಜನರಲ್ಲಿ ಇದಕ್ಕೂ ಐವಿಎಫ್ ಎಂಬ ಪ್ರನಾಳ ಶಿಶು ಚಿಕಿತ್ಸೆಗೂ ವ್ಯತ್ಯಾಸ ಸ್ಪಷ್ಟವಿಲ್ಲದ ಕಾರಣ ಹೇಳಬೇಕಾದ ಮಾತೆಂದರೆ, ಇಲ್ಲಿ ಅಂಡಾಣುವನ್ನು ಹೊರತೆಗೆಯುವುದಿಲ್ಲ, ಫಲೀಕರಣ ಹೆಣ್ಣಿನ ದೇಹದೊಳಗೇ ಸಹಜವಾಗಿ ನಡೆಯುತ್ತದೆ. ಅಂಡಕೋಶ ಬಲಿತಾಗ ಅದು ಬಿರಿಯುವಂತೆ ಒಂದು ಇಂಜೆಕ್ಷನ್ ಕೊಟ್ಟು, ಸುಮಾರು 36 ಗಂಟೆಗಳ ಆಸುಪಾಸಿನಲ್ಲಿ ಗಂಡನ ವೀರ್ಯವನ್ನು ಪಡೆದು, ಪ್ರಯೋಗಾಲಯದಲ್ಲಿ ದ್ರವಾಂಶವನ್ನು ಬೇರ್ಪಡಿಸಿ, ಚೆನ್ನಾಗಿ ಈಜುವ ವೀರ್ಯಾಣುಗಳನ್ನು ಅರ್ಧ ಮಿಲಿಲೀಟರಿನಷ್ಟಕ್ಕೆ ಸಾಂದ್ರಗೊಳಿಸಿ, ಮೆತ್ತನೆಯ ನಳಿಕೆಯಿಂದ ಒಳಸೇರಿಸಲಾಗುತ್ತದೆ. ವೀರ್ಯವನ್ನು ತೊಳೆಯದೆ ಹಾಗೆಯೇ ಗರ್ಭಕೋಶಕ್ಕೆ ಬಿಟ್ಟರೆ ಅದರಲ್ಲಿರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತೀವ್ರ ಸೆಳೆತವನ್ನುಂಟುಮಾಡುತ್ತದೆ, ಸೋಂಕಿನ ಭಯವೂ ಇರುತ್ತದೆ. ಅರಿವಳಿಕೆ ಬೇಡದ ಈ ಕ್ರಿಯೆ ಹತ್ತು ನಿಮಿಷದಲ್ಲಿ ಮುಗಿದು, ಸ್ವಲ್ಪ ಹೊತ್ತಿನ ನಂತರ ಮಹಿಳೆ ಎದ್ದು ಎಂದಿನ ಕೆಲಸಕ್ಕೆ ಹೋಗಬಹುದು, ತಿಂಗಳುಗಟ್ಟಲೆ ಮಲಗಿರಬೇಕೆಂಬ ಸಲಹೆಗೆ ಯಾವ ಆಧಾರವೂ ಇಲ್ಲ.

ಐಯುಐ ಯಾರಿಗೆ ಎಂಬುದನ್ನು ನಿರ್ಧರಿಸುವ ಷರತ್ತುಗಳು ಸರಳವಾಗಿವೆ: ಕನಿಷ್ಠ ಒಂದು ಗರ್ಭನಾಳ ತೆರೆದಿರಬೇಕು, ತೊಳೆದ ಮೇಲೂ ಚಲಿಸುವ ವೀರ್ಯಾಣುಗಳು ಲಕ್ಷಗಳಲ್ಲಲ್ಲ ದಶಲಕ್ಷಗಳಲ್ಲಿ ಉಳಿಯಬೇಕು. ವೀರ್ಯದಲ್ಲಿ ಅಲ್ಪಸ್ವಲ್ಪ ಕೊರತೆಯಿರುವವರಿಗೆ, ದೈಹಿಕ ಸಂಪರ್ಕವೇ ಕಷ್ಟವಾಗಿರುವವರಿಗೆ, ಎಲ್ಲ ವರದಿಗಳೂ ಸರಿಯಿದ್ದು ಕಾರಣ ತಿಳಿಯದವರಿಗೆ ಇದು ಹೊಂದುತ್ತದೆ. ನ್ಯೂಜಿಲೆಂಡ್‌ನಲ್ಲಿ ಕಾರಣ ತಿಳಿಯದ ಬಂಜೆತನವಿದ್ದ 201 ದಂಪತಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಲೊಮಿಫೀನ್ ಗುಳಿಗೆಯೊಡನೆ ಮೂರು ಐಯುಐ ಮಾಡಿಸಿಕೊಂಡವರ ಪೈಕಿ ಶೇ 31ರಷ್ಟು ಮಂದಿಗೆ ಮಗುವಾದರೆ, ಮೂರು ತಿಂಗಳು ಸುಮ್ಮನೆ ಪ್ರಯತ್ನ ಮುಂದುವರಿಸಿದವರಲ್ಲಿ ಆ ಪ್ರಮಾಣ ಶೇ 9 ಇತ್ತು. ಒಂದು ಸಲದ ಐಯುಐ ವಿಫಲವಾದರೆ ಅದು ಚಿಕಿತ್ಸೆಯ ಸೋಲಲ್ಲ, ಮೂರ್ನಾಲ್ಕು ಚಕ್ರಗಳಿಗೆ ಮೊದಲೇ ಸಿದ್ಧರಾಗಿ ಬರಬೇಕು. ಅಷ್ಟರ ಮೇಲೂ ಆಗದಿದ್ದರೆ ಅದನ್ನೇ ಏಳೆಂಟು ಸಲ ಮಾಡಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಈ ವಿಧಾನದಲ್ಲಿ ದಂಪತಿಗೆ ನಿಜವಾದ ಭಾರವಾಗುವುದು ಓಡಾಟ. ಒಂದು ಚಕ್ರದಲ್ಲಿ ಮೂರ್ನಾಲ್ಕು ಸ್ಕ್ಯಾನಿಂಗ್‌ಗೆ ಮತ್ತು ಕೊನೆಯ ದಿನ ಇಬ್ಬರೂ ಒಟ್ಟಿಗೆ ನಿಗದಿತ ಸಮಯಕ್ಕೆ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ಹೈದರಾಬಾದಿನಲ್ಲಿ ಇದನ್ನು ಮಾಡಿಸುವುದೆಂದರೆ ಕೂಲಿಯವರಿಗೆ ಮೂರ್ನಾಲ್ಕು ದಿನದ ಸಂಬಳ ಮತ್ತು ಪ್ರಯಾಣದ ಖರ್ಚು ಚಿಕಿತ್ಸೆಯ ಖರ್ಚಿಗೆ ಸಮನಾಗುವಂಥ ಸ್ಥಿತಿ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದಿನವರಿಗೆ ಈ ಎರಡೂ ನಗರಗಳನ್ನು ಹತ್ತಿರ ತಂದಿದೆ, ರೈಲಿಲ್ಲದ ಬಸವಕಲ್ಯಾಣಕ್ಕೆ ಬಸ್ಸೇ ಗತಿ. ಹಾಗಾಗಿ ಸ್ಕ್ಯಾನಿಂಗ್ ಸ್ವಂತ ಊರಿನಲ್ಲಿ, ಐಯುಐ ಮಾತ್ರ ನಗರದಲ್ಲಿ ಎಂದು ಎರಡೂ ಕಡೆಯ ವೈದ್ಯರು ಮಾತಾಡಿಕೊಂಡು ಹಂಚಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಗಳು

ಶಸ್ತ್ರಚಿಕಿತ್ಸೆಯೇ ಬೇಕಾದ ಸಂದರ್ಭಗಳಿಲ್ಲವೆಂದಲ್ಲ. ಗರ್ಭಕೋಶದೊಳಗಿನ ಪಾಲಿಪ್ ಎಂಬ ಮಾಂಸದ ಕುಡಿ, ಒಳಕ್ಕೆ ಚಾಚಿದ ಗಡ್ಡೆ ಅಥವಾ ನಡುವಿನ ಪರದೆಯನ್ನು ಹೊಟ್ಟೆ ಕೊಯ್ಯದೆ, ಯೋನಿಯ ಮೂಲಕವೇ ದರ್ಶಕ ನಳಿಕೆ ಇಳಿಸುವ ಹಿಸ್ಟರೊಸ್ಕೋಪಿಯಿಂದ ತೆಗೆಯಬಹುದು. ಅಂಡಾಶಯ ಮೊದಲಾದೆಡೆ ಗರ್ಭಕೋಶದ ಒಳಪದರದಂಥ ಅಂಗಾಂಶ ಬೆಳೆಯುವ ಎಂಡೊಮೆಟ್ರಿಯೋಸಿಸ್ ಹಾಗೂ ಅಂಟಿಕೊಂಡ ನಾಳಗಳಿಗೆ ಲ್ಯಾಪರೊಸ್ಕೋಪಿಯ ಅರ್ಧ ಸೆಂಟಿಮೀಟರಿನ ರಂಧ್ರಗಳು ಸಾಕಾಗುತ್ತವೆ. ಇಪ್ಪತ್ತೈದರೊಳಗೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಂತರ ಮಗುವನ್ನು ಕಳೆದುಕೊಂಡ ಅಥವಾ ಮರುಮದುವೆಯಾದ ಹೆಣ್ಣುಮಕ್ಕಳಿಗೆ ಕತ್ತರಿಸಿದ ನಾಳಗಳನ್ನು ಮತ್ತೆ ಜೋಡಿಸುವ ಅವಕಾಶವೂ ಇದೆ, ವಯಸ್ಸು ಕಡಿಮೆಯಿದ್ದು ಉಳಿದ ನಾಳ ಉದ್ದವಾಗಿದ್ದರೆ ಇದರ ಫಲಿತಾಂಶ ಐವಿಎಫ್‌ಗೆ ಸಾಟಿಯಾಗಬಲ್ಲದು. ಹಳೆಯ ಶಸ್ತ್ರಚಿಕಿತ್ಸೆಯ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ, ನಾಳವನ್ನು ಯಾವ ವಿಧಾನದಲ್ಲಿ ಮುಚ್ಚಲಾಗಿತ್ತೆಂಬುದು ಅದರಿಂದಲೇ ತಿಳಿಯುತ್ತದೆ.

ಐವಿಎಫ್ ಕೂಡ ಹಗುರವಾಗುತ್ತ ಬಂದಿದೆ

ದೇಹದ ಹೊರಗೆ ಅಂಡಾಣು ಮತ್ತು ವೀರ್ಯಾಣುವನ್ನು ಕೂಡಿಸುವ ಐವಿಎಫ್ ಮೊದಲಿನಷ್ಟು ಭಾರವಾದ ಚಿಕಿತ್ಸೆಯಾಗಿ ಉಳಿದಿಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಗಾಗಿ ಅಂಡಾಣುವನ್ನು ಪಡೆದದ್ದು ಲ್ಯಾಪರೊಸ್ಕೋಪಿಯಿಂದ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಜನಿಸಿದ ಭಾರತದ ಮೊದಲ ಪ್ರನಾಳ ಶಿಶುವಿನ ಹಿಂದಿದ್ದ ಡಾ. ಸುಭಾಷ್ ಮುಖೋಪಾಧ್ಯಾಯರು ಹೊಟ್ಟೆಯ ಮೂಲಕ ಹೋಗದೆ ಯೋನಿಯ ಗೋಡೆಯ ಮೂಲಕ ಅಂಡಾಣು ಪಡೆದಿದ್ದರು, ಭ್ರೂಣವನ್ನು ಶೈತ್ಯೀಕರಿಸಿ ಇಟ್ಟಿದ್ದರು. ಅವರ ಹೇಳಿಕೆಯನ್ನು ಅಂದಿನ ಸರ್ಕಾರಿ ಸಮಿತಿ ನಂಬಲಿಲ್ಲ, 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ಮೊದಲಿಗನ ಪಟ್ಟ ಅವರಿಗೇ ಸಲ್ಲಬೇಕೆಂದು ಸಾರಿದವರು ಡಾ. ಟಿ.ಸಿ. ಆನಂದಕುಮಾರ್. 1986ರಲ್ಲಿ ಮುಂಬೈಯಲ್ಲಿ ಜನಿಸಿದ, ಅಲ್ಲಿಯವರೆಗೆ ಅಧಿಕೃತವಾಗಿ ದೇಶದ ಮೊದಲನೆಯದೆನಿಸಿದ್ದ ಪ್ರನಾಳ ಶಿಶುವಿನ ಹಿಂದಿದ್ದ ವಿಜ್ಞಾನಿಗಳಲ್ಲಿ ಒಬ್ಬರಾಗಿದ್ದು, ಮುಂದೆ ಬೆಂಗಳೂರಿನಲ್ಲಿ ನೆಲೆಸಿದವರು ಅವರು. 1980ರ ದಶಕದಲ್ಲಿ ಸ್ಕ್ಯಾನಿಂಗ್ ನೋಡುತ್ತ ಯೋನಿಯ ಮೂಲಕ ಸೂಜಿಯಿಂದ ಅಂಡಾಣು ತೆಗೆಯುವುದು ಎಲ್ಲೆಡೆ ರೂಢಿಗೆ ಬಂದು, ಲ್ಯಾಪರೊಸ್ಕೋಪಿಯ ಅಗತ್ಯ ಬಹುಮಟ್ಟಿಗೆ ತಪ್ಪಿತು.

ಇಂದು ಐವಿಎಫ್‌ನ ಮುಖ್ಯ ಭಾರ ಹತ್ತು ಹನ್ನೆರಡು ದಿನಗಳ ಹಾರ್ಮೋನು ಇಂಜೆಕ್ಷನ್. ಪಿಸಿಒಎಸ್ ಇರುವವರಲ್ಲಿ ಇವು ಅತಿಯಾಗಿ ಕೆಲಸ ಮಾಡಿ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವಿದೆ. ಇದನ್ನು ತಗ್ಗಿಸಲು ಗುಳಿಗೆಯೊಂದಿಗೆ ಅಲ್ಪ ಪ್ರಮಾಣದ ಇಂಜೆಕ್ಷನ್ ಕೊಟ್ಟು ಕಡಿಮೆ ಅಂಡಾಣು ಪಡೆಯುವ ಮೃದು ವಿಧಾನವೂ, ಬಲಿಯದ ಅಂಡಾಣುಗಳನ್ನೇ ತೆಗೆದು ಪ್ರಯೋಗಾಲಯದಲ್ಲಿ ಬಲಿಯಿಸುವ ಐವಿಎಂ ಎಂಬ ವಿಧಾನವೂ ಬಳಕೆಗೆ ಬಂದಿವೆ. ಇವುಗಳಲ್ಲಿ ಒಂದು ಚಕ್ರದ ಯಶಸ್ಸು ಸಾಮಾನ್ಯವಾಗಿ ತುಸು ಕಡಿಮೆಯಾಗಿರುತ್ತದೆ, ದೇಹದ ಮೇಲಿನ ಹೊರೆಯೂ ಅಷ್ಟೇ ಕಡಿಮೆ.

ಮೆಟ್ಟಿಲು ಹಾರಲೇಬೇಕಾದವರು

ಹಗುರವಾದ ಚಿಕಿತ್ಸೆಯೇ ಸದಾ ಒಳ್ಳೆಯದೆಂಬ ತೀರ್ಮಾನವೂ ತಪ್ಪಾಗುತ್ತದೆ. ಎರಡೂ ಗರ್ಭನಾಳಗಳು ಮುಚ್ಚಿದ್ದರೆ ಹತ್ತು ಐಯುಐ ಮಾಡಿದರೂ ವೀರ್ಯಾಣು ಅಂಡಾಣುವನ್ನು ತಲುಪಲಾರದು. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಗಂಡಸಿಗೆ ಟಾನಿಕ್ ಕುಡಿಸುತ್ತ ವರ್ಷ ಕಳೆಯುವುದರ ಬದಲು, ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ಪಡೆದು ಒಂದೊಂದನ್ನೇ ಅಂಡಾಣುವಿನೊಳಗೆ ಸೇರಿಸುವ, 1992ರಲ್ಲಿ ಬೆಲ್ಜಿಯಂನಲ್ಲಿ ಯಶಸ್ವಿಯಾದ ಇಕ್ಸಿ ವಿಧಾನವನ್ನು ಯೋಚಿಸಬೇಕಾಗುತ್ತದೆ. ಎಲ್ಲಕ್ಕಿಂತ ಕಠಿಣವಾದ ಗಡಿ ವಯಸ್ಸಿನದು: 35ರ ನಂತರ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗಬೇಗನೆ ಇಳಿಯುವುದರಿಂದ, 38ರ ಹೆಣ್ಣಿಗೆ ಆರು ತಿಂಗಳ ಗುಳಿಗೆ ಮತ್ತು ಆರು ಐಯುಐ ಎಂದರೆ ಮರಳಿ ಬಾರದ ಕಾಲವನ್ನು ಕಳೆದಂತೆ. 24ರ ಹೆಣ್ಣಿಗೆ ಅದೇ ನಿಧಾನ ವರವಾಗಬಲ್ಲದು. ಮದುವೆ ಬೇಗ ಆಗುವ ಈ ಭಾಗದಲ್ಲಿ ಹೆಚ್ಚಿನ ದಂಪತಿಗಳ ಬಳಿ ಕಾಲವಿರುತ್ತದೆ, ಅದನ್ನು ಪರೀಕ್ಷೆಯಿಲ್ಲದೆ ಹರಕೆಯಲ್ಲಿಯೇ ಕಳೆದರೆ ಮಾತ್ರ ಆ ಅನುಕೂಲ ಕೈಜಾರುತ್ತದೆ.

ಕಾನೂನಿನ ಕಣ್ಣು, ಊರಿನ ಹೊಣೆ

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ, 2021 ಜಾರಿಗೆ ಬಂದ ಮೇಲೆ ಇಂಥ ಚಿಕಿತ್ಸೆ ನೀಡುವ ಪ್ರತಿ ಕೇಂದ್ರವೂ ನೋಂದಣಿ ಪಡೆದಿರಬೇಕು. ನಿಯಮಗಳು ಕೇಂದ್ರಗಳನ್ನು ಎರಡು ಹಂತಗಳಾಗಿ ವಿಂಗಡಿಸಿದ್ದು, ಐಯುಐ ಮಾತ್ರ ಮಾಡುವವು ಮೊದಲ ಹಂತದವು, ಐವಿಎಫ್ ಮಾಡುವವು ಎರಡನೆಯ ಹಂತದವು. ಚಿಕಿತ್ಸೆ ಪಡೆಯುವ ಹೆಣ್ಣಿನ ವಯಸ್ಸು 21ರಿಂದ 50, ಗಂಡಿನದು 21ರಿಂದ 55ರ ಒಳಗಿರಬೇಕು, ಗಂಡುಮಗುವೇ ಆಗುವಂತೆ ಮಾಡಿಕೊಡುವ ಆಮಿಷವನ್ನು ಕಾಯ್ದೆ ಅಪರಾಧವೆಂದು ಪರಿಗಣಿಸುತ್ತದೆ. ಮೊದಲ ಹಂತದ ಕೇಂದ್ರಕ್ಕೆ ಬೇಕಾದ ಸಿಬ್ಬಂದಿ ಮತ್ತು ಉಪಕರಣ ಎರಡನೆಯದಕ್ಕೆ ಹೋಲಿಸಿದರೆ ಬಹಳ ಕಡಿಮೆ ಎಂಬುದು ಇಲ್ಲಿ ಗಮನಾರ್ಹವಾಗಿದೆ: ಸ್ತ್ರೀರೋಗ ತಜ್ಞರು, ಸ್ಕ್ಯಾನಿಂಗ್ ಯಂತ್ರ ಮತ್ತು ವೀರ್ಯ ತೊಳೆಯುವ ಸಣ್ಣ ಪ್ರಯೋಗಾಲಯವಿದ್ದರೆ ಒಂದು ತಾಲೂಕು ಕೇಂದ್ರಕ್ಕೂ ಇದು ಎಟುಕದ ಕನಸಲ್ಲ.

ಸರ್ಕಾರಿ ವ್ಯವಸ್ಥೆ ತಾಯಿಯ ಆರೋಗ್ಯದ ಬಗ್ಗೆ ಆಲೋಚಿಸುವುದು ಹೆಚ್ಚಾಗಿ ಗರ್ಭ ನಿಂತ ಮೇಲೆ; ಎರಡು ವರ್ಷದಿಂದ ಗರ್ಭಕ್ಕಾಗಿ ಕಾಯುತ್ತಿರುವ ದಂಪತಿ ಅದರ ಗಮನಕ್ಕೆ ಬರುವುದು ಕಡಿಮೆ. ಬಸವಕಲ್ಯಾಣ ಮತ್ತು ಹುಮನಾಬಾದಿನ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಗಂಡಹೆಂಡಿರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ, ವೀರ್ಯ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಅಲ್ಲಿಯೇ ಮಾಡುವ, ಎಚ್‌ಎಸ್‌ಜಿಗೆ ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬ್ರಿಮ್ಸ್‌ಗೆ ಬರೆದುಕೊಡುವ ಒಂದು ಹೊರರೋಗಿ ವಿಭಾಗ ನಡೆದರೆ, ಮೊದಲ ಮೂರು ಮೆಟ್ಟಿಲುಗಳು ಜಿಲ್ಲೆಯ ಗಡಿ ದಾಟದೆ ಮುಗಿಯುತ್ತವೆ. ಆಗ ಹೈದರಾಬಾದಿನ ದಾರಿ ಹಿಡಿಯುವ ದಂಪತಿಯ ಕೈಯಲ್ಲಿ, ಏಕೆ ಹೋಗುತ್ತಿದ್ದೇವೆ ಎಂಬುದನ್ನು ಹೇಳುವ ಇಬ್ಬರ ವರದಿಗಳಿರುವ ಒಂದು ಕಡತವಾದರೂ ಇರುತ್ತದೆ. ಅಲ್ಲಿ ಮತ್ತೆ ಅದೇ ಪರೀಕ್ಷೆಗಳಿಗೆ ಹಣ ತೆರುವುದು ತಪ್ಪುತ್ತದೆ, ಹೋಗುವ ಅಗತ್ಯವೇ ಇಲ್ಲದವರು ಊರಲ್ಲಿಯೇ ಉಳಿಯುತ್ತಾರೆ.